ದುಗ್ಧರಸ ಅಂಗಾಂಶಗಳಲ್ಲಿ ಎಚ್‌ಐವಿ ಔಷಧಗಳು

ದುಗ್ಧಗ್ರಂಥಿ, ಗುಲ್ಮ, ಕರುಳಿನ ಒಳಪದರ ಮೊದಲಾದ ರೋಗನಿರೋಧಕ ಅಂಗಾಂಶಗಳನ್ನು ಎಚ್‌ಐವಿ ನಿರೋಧಕ ಔಷಧಗಳು ಎಷ್ಟರ ಮಟ್ಟಿಗೆ ತಲುಪುತ್ತವೆ ಎಂಬುದು ಏಡ್ಸ್ ಸಂಶೋಧನೆಯ ಒಂದು ಮುಖ್ಯ ವಿಷಯವಾಗಿದೆ. ದೇಹದ ಲಿಂಫೋಸೈಟ್ ಕಣಗಳಲ್ಲಿ ಸುಮಾರು ಶೇ. 2ರಷ್ಟು ಮಾತ್ರ ರಕ್ತದಲ್ಲಿದ್ದು, ಉಳಿದವು ಬಹುಪಾಲು ಅಂಗಾಂಶಗಳಲ್ಲಿರುತ್ತವೆ. ವೈರಾಣು ಮುಖ್ಯವಾಗಿ ವೃದ್ಧಿಯಾಗುವುದೂ ಅಲ್ಲಿಯೇ.

ಔಷಧದ ಸಾಂದ್ರತೆ

ನುಂಗಿದ ಮಾತ್ರೆಯ ಔಷಧಾಂಶವು ರಕ್ತವನ್ನು ಸೇರಿ, ಅಲ್ಲಿಂದ ಅಂಗಾಂಶಗಳಿಗೆ ಹರಡುತ್ತದೆ. ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡ ಭಾಗವು ಸುಲಭವಾಗಿ ಹೊರಹೋಗುವುದಿಲ್ಲ. ಪಿ-ಗ್ಲೈಕೋಪ್ರೋಟೀನ್ ಕೆಲವು ಔಷಧಗಳನ್ನು ಜೀವಕೋಶದಿಂದ ಹೊರದೂಡುತ್ತದೆ. ಟೆನೊಫೊವಿರ್, ಲ್ಯಾಮಿವುಡಿನ್ ಮುಂತಾದವು ಜೀವಕೋಶದೊಳಗೆ ಫಾಸ್ಫೇಟ್ ಸೇರಿಸಿಕೊಂಡು ರೂಪಾಂತರಗೊಂಡ ಬಳಿಕವೇ ಕ್ರಿಯಾಶೀಲವಾಗುತ್ತವೆ. 2014ರಲ್ಲಿ ಅಮೆರಿಕದಲ್ಲಿ 12 ಸೋಂಕಿತರ ಮೇಲೆ ನಡೆದ ಅಧ್ಯಯನವೊಂದು, ಬಳಕೆಯಲ್ಲಿದ್ದ ಹಲವು ಔಷಧಗಳ ಸಾಂದ್ರತೆ ರಕ್ತಕಣಗಳಿಗಿಂತ ದುಗ್ಧಗ್ರಂಥಿಗಳಲ್ಲಿ ಕಡಿಮೆಯಿರುವುದನ್ನು ವರದಿ ಮಾಡಿತು. ಇದರಿಂದ ಚಿಕಿತ್ಸೆಯ ನಡುವೆಯೂ ಅಲ್ಲಿ ವೈರಾಣು ವೃದ್ಧಿ ಮುಂದುವರಿಯುತ್ತದೆಯೇ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ವೃದ್ಧಿಯಾಗದೆ ಸಿಡಿ4 ಕಣಗಳಲ್ಲಿ ಸುಪ್ತವಾಗಿ ಉಳಿಯುವ ವೈರಾಣುವನ್ನು ಇಂದಿನ ಔಷಧಗಳು ನಿರ್ಮೂಲಗೊಳಿಸಲಾರವು.

ಬಾಗಲಕೋಟೆ ಜಿಲ್ಲೆ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳನ್ನೊಳಗೊಂಡ ಬಾಗಲಕೋಟೆ ಜಿಲ್ಲೆಯು 2000ರ ದಶಕದಲ್ಲಿ ಎಚ್‌ಐವಿ ಹೆಚ್ಚಾಗಿದ್ದ ಕರ್ನಾಟಕದ ಜಿಲ್ಲೆಗಳಲ್ಲೊಂದಾಗಿತ್ತು. ಆ ದಶಕದ ಆರಂಭದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಮಂದಿಗೆ ಸೋಂಕು ಕಂಡುಬಂದಿತು. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಅದು ಹೆಚ್ಚಾಗಿತ್ತು. ಭಾರತ-ಕೆನಡಾ ಸಹಯೋಗದ ಎಚ್‌ಐವಿ/ಏಡ್ಸ್ ಯೋಜನೆಯು ಗ್ರಾಮೀಣ ತಡೆ ಕಾರ್ಯಕ್ರಮದ ಮಾದರಿಯನ್ನು ಇಲ್ಲಿ ರೂಪಿಸಿತು. ಭಾರತದಲ್ಲಿ ಉಚಿತ ಎಆರ್‌ಟಿ ಚಿಕಿತ್ಸೆ 2004ರ ಏಪ್ರಿಲ್ 1ರಂದು ಆರಂಭವಾಯಿತು. 2017ರಿಂದ ಸಿಡಿ4 ಸಂಖ್ಯೆ ಎಷ್ಟೇ ಇದ್ದರೂ ಎಲ್ಲ ಸೋಂಕಿತರಿಗೂ ಚಿಕಿತ್ಸೆ ನೀಡುವ ನೀತಿ ಜಾರಿಯಲ್ಲಿದೆ.

ಚಿಕಿತ್ಸೆಯಲ್ಲಿ ಮಹತ್ವ

ವೈರಲ್ ಲೋಡ್ ಪರೀಕ್ಷೆಯು ರಕ್ತದಲ್ಲಿರುವ ವೈರಾಣುವನ್ನು ಅಳೆಯುತ್ತದೆ, ಅಂಗಾಂಶಗಳಲ್ಲಿರುವುದನ್ನಲ್ಲ. ಆದ್ದರಿಂದ ‘ವೈರಾಣು ಪತ್ತೆಯಾಗಿಲ್ಲ’ ಎಂಬ ವರದಿಯು ರೋಗ ಸಂಪೂರ್ಣ ವಾಸಿಯಾಗಿದೆ ಎಂಬುದಕ್ಕೆ ಆಧಾರವಲ್ಲ. ಮಾತ್ರೆ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ವೈರಾಣು ರಕ್ತದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ದುಡಿಮೆಗಾಗಿ ಗುಳೆ ಹೋಗುವವರು ಹೊರಡುವ ಮುನ್ನವೇ ಎಆರ್‌ಟಿ ಕೇಂದ್ರಕ್ಕೆ ತಿಳಿಸಿ ಔಷಧದ ವ್ಯವಸ್ಥೆ ಮಾಡಿಕೊಳ್ಳುವುದು ಈ ಕಾರಣದಿಂದ ಅಗತ್ಯ. ಅಂಗಾಂಶಗಳಲ್ಲಿ ಸಾಂದ್ರತೆ ಕಡಿಮೆಯಾದ ಮಾತ್ರಕ್ಕೆ ಔಷಧ ನಿಷ್ಫಲವೆಂದು ಅರ್ಥವಲ್ಲ. ಕ್ರಮ ತಪ್ಪದೆ ಔಷಧ ಸೇವಿಸಿ ರಕ್ತದಲ್ಲಿ ವೈರಾಣು ಪತ್ತೆಯಾಗದ ಸ್ಥಿತಿಯನ್ನು ಕಾಯ್ದುಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ.