ಎದುರುಪ್ರಶ್ನೆಯಿಲ್ಲದ ಚರಿತ್ರೆ: ಗಳಗನಾಥರ ಊರಿನಿಂದ ಶೈಕ್ಷಣಿಕ ವಿಡಿಯೋ ಆಟದವರೆಗೆ

ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನ ಹತ್ತಿಮತ್ತೂರು ಎರಡು ಕಾರಣಗಳಿಗಾಗಿ ಕನ್ನಡಿಗರು ನೆನಪಿನಲ್ಲಿಡಬೇಕಾದ ಊರು. ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ, ಎಂದರೆ ಎಂಟನೆಯ ಶತಮಾನದ ಶಾಸನವೊಂದು ಇಲ್ಲಿ ದೊರೆತಿದೆ. ‘ಗಳಗನಾಥ’ ಎಂಬ ಹೆಸರಿನಿಂದ ಪ್ರಸಿದ್ಧರಾದ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು ೧೮೬೯ರಲ್ಲಿ ಹುಟ್ಟಿದ್ದೂ ಇಲ್ಲಿಯೇ. ಮರಾಠಿಯ ಪ್ರಾಬಲ್ಯವಿದ್ದ ಅಂದಿನ ಮುಂಬಯಿ ಕರ್ನಾಟಕದಲ್ಲಿ ಕನ್ನಡದ ಓದುಗರನ್ನು ಹುಟ್ಟಿಸಿದವರಲ್ಲಿ ಗಳಗನಾಥರು ಮೊದಲ ಸಾಲಿನವರು. ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದರು; ವಿಜಯನಗರದ ಸ್ಥಾಪನೆಯನ್ನು ವಸ್ತುವಾಗಿಸಿಕೊಂಡು ‘ಮಾಧವ ಕರುಣಾವಿಲಾಸ’ವನ್ನು ಬರೆದರು; ಅಚ್ಚಾದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಚರಿತ್ರೆಯನ್ನು ಜನರ ಬಳಿಗೆ ಕೊಂಡೊಯ್ಯಬೇಕಾದರೆ ಅದು ಮೊದಲು ರುಚಿಸಬೇಕು ಎಂಬ ನಂಬಿಕೆ ಅವರ ಒಟ್ಟು ದುಡಿಮೆಯ ಹಿಂದಿದೆ.

ಅದೇ ನಂಬಿಕೆಯನ್ನು ನಮ್ಮ ಕಾಲದಲ್ಲಿ ವಿಡಿಯೋ ಆಟಗಳ ತಯಾರಕರು ತಮ್ಮದಾಗಿಸಿಕೊಂಡಿದ್ದಾರೆ. ಜನಪ್ರಿಯವಾದ ಆಟವೊಂದರಿಂದ ಕವಲೊಡೆದು, ಚರಿತ್ರೆಯನ್ನು ಕಲಿಸುವ ಉದ್ದೇಶವನ್ನು ಘೋಷಿಸಿಕೊಂಡು ಬರುವ ಶೈಕ್ಷಣಿಕ ಆವೃತ್ತಿಗಳು ಪಾಶ್ಚಾತ್ಯ ದೇಶಗಳಲ್ಲಿ ಸುಮಾರು ಮೂರು ದಶಕಗಳಿಂದ ಬಳಕೆಯಲ್ಲಿವೆ. ಅವು ಕಲಿಸುವುದೇನು, ಕಲಿಸಲಾರದೆ ಹೋಗುವುದೇನು ಎಂಬುದನ್ನು ನಮ್ಮ ಜನಪದ ಪರಂಪರೆಯ ಅನುಭವದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡು ನಿದರ್ಶನಗಳು

ಇಂತಹ ಕವಲು ಆಟಗಳಲ್ಲಿ ಹಳೆಯದೊಂದನ್ನು ಮೊದಲು ನೋಡಬಹುದು. ಜಪಾನಿನ ನಿಂಟೆಂಡೊ ಸಂಸ್ಥೆಯ ‘ಮಾರಿಯೊ’ ಜಗತ್ತಿನಾದ್ಯಂತ ಮಕ್ಕಳಿಗೆ ಪರಿಚಿತನಾದ ಆಟದ ನಾಯಕ. ಅವನನ್ನು ಬಳಸಿಕೊಂಡು ಅಮೆರಿಕದ ಸಾಫ್ಟ್‌ವೇರ್ ಟೂಲ್‌ವರ್ಕ್ಸ್ ಸಂಸ್ಥೆ ೧೯೯೩ರಲ್ಲಿ ‘ಮಾರಿಯೊಸ್ ಟೈಮ್ ಮೆಷೀನ್’ ಎಂಬ ಆಟವನ್ನು ಹೊರತಂದಿತು. ಖಳನಾಯಕನು ಕಾಲಯಂತ್ರವನ್ನು ಬಳಸಿ ಬೇರೆ ಬೇರೆ ಯುಗಗಳಿಂದ ಪ್ರಸಿದ್ಧ ವಸ್ತುಗಳನ್ನು ಕದ್ದಿದ್ದಾನೆ; ಮಾರಿಯೊ ಅವುಗಳನ್ನು ಅವುಗಳ ಕಾಲಕ್ಕೆ ಮರಳಿಸಬೇಕು. ನ್ಯೂಟನ್ನನ ಸೇಬು ನ್ಯೂಟನ್ನನಿಗೇ ಸೇರಬೇಕು. ಇದಕ್ಕಾಗಿ ಮಗು ಒಂದು ಬರಹದಲ್ಲಿ ಬಿಟ್ಟ ಸ್ಥಳಗಳನ್ನು ತುಂಬಬೇಕು. ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ ಇರುವುದೂ ಇದೇ ಅಭ್ಯಾಸ. ಇಲ್ಲಿ ಅದಕ್ಕೆ ಬಣ್ಣದ ಪರದೆಯೊಂದು ಸೇರಿಕೊಂಡಿದೆ. ಮೂಲ ಆಟದ ಜೀವವಾದ ಓಟ, ನೆಗೆತ, ಬಿದ್ದು ಮತ್ತೆ ಏಳುವ ಸಾಹಸಗಳಿಗೂ ಇಲ್ಲಿನ ಪಾಠಕ್ಕೂ ಸಂಬಂಧವಿಲ್ಲ.

ಎರಡನೆಯ ನಿದರ್ಶನ ಇದಕ್ಕಿಂತ ಬಹಳ ಗಂಭೀರವಾದುದು. ಫ್ರಾನ್ಸ್ ಮೂಲದ ಯೂಬಿಸಾಫ್ಟ್ ಸಂಸ್ಥೆಯ ‘ಅಸ್ಯಾಸಿನ್ಸ್ ಕ್ರೀಡ್’ ಸರಣಿಯು ಹಿಂಸೆ, ಸಾಹಸ, ಒಳಸಂಚುಗಳ ಕಥೆಗಳಿಗೆ ಹೆಸರಾದುದು. ಕ್ಲಿಯೋಪಾತ್ರಳ ಕಾಲದ ಈಜಿಪ್ಟಿನಲ್ಲಿ ನಡೆಯುವ ಈ ಸರಣಿಯ ಆಟವೊಂದು ೨೦೧೭ರಲ್ಲಿ ಬಂದಿತು. ಮರುವರ್ಷವೇ ಅದರಿಂದ ಯುದ್ಧ, ಕಥೆ ಎರಡನ್ನೂ ತೆಗೆದುಹಾಕಿ, ‘ಡಿಸ್ಕವರಿ ಟೂರ್’ ಎಂಬ ಶೈಕ್ಷಣಿಕ ಆವೃತ್ತಿಯನ್ನು ಹೊರತರಲಾಯಿತು. ಪಿರಮಿಡ್ಡುಗಳು, ಶವಸಂರಕ್ಷಣೆ, ಅಲೆಕ್ಸಾಂಡ್ರಿಯ ನಗರ, ದಿನನಿತ್ಯದ ಬದುಕು ಮೊದಲಾದ ವಿಷಯಗಳನ್ನು ಕುರಿತ ೭೫ ಮಾರ್ಗದರ್ಶಿತ ಪ್ರವಾಸಗಳು ಇದರಲ್ಲಿವೆ. ೨೦೧೯ರಲ್ಲಿ ಪ್ರಾಚೀನ ಗ್ರೀಸ್, ೨೦೨೧ರಲ್ಲಿ ವೈಕಿಂಗ್ ಯುಗ ಹೀಗೆಯೇ ಬಂದವು. ಇತಿಹಾಸಕಾರರ ನೆರವನ್ನು ಪಡೆದು, ಅಪಾರ ವೆಚ್ಚದಲ್ಲಿ ಕಟ್ಟಿದ ಈ ನಗರಗಳು, ಗದ್ದೆಗಳು, ದೇಗುಲಗಳು ನೋಡುವವರನ್ನು ಬೆರಗುಗೊಳಿಸುತ್ತವೆ. ಪ್ರಾಚೀನ ಜಗತ್ತಿನ ಕಟ್ಟಡವೊಂದರ ಎತ್ತರ, ಬೀದಿಯೊಂದರ ಅಗಲ ಕಣ್ಣಿಗೆ ಕಟ್ಟುವಂತೆ ತಿಳಿಯುವುದು ಸಣ್ಣ ಲಾಭವೇನಲ್ಲ. ಆದ್ದರಿಂದ ಇದರ ಕೊರತೆಗಳನ್ನು ಹೇಳುವಾಗ ಅಸಡ್ಡೆಯಿಂದ ಹೇಳಬಾರದು.

ಕೊರತೆಗಳ ಸ್ವರೂಪ

ಇಂತಹ ಆಟಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ತಪ್ಪುಗಳ ಪಟ್ಟಿಯಾಗಿ ಮುಗಿಯುತ್ತದೆ. ಈಜಿಪ್ಟಿನ ಶೈಕ್ಷಣಿಕ ಆವೃತ್ತಿಯಲ್ಲಿ ನಗ್ನ ಶಿಲ್ಪಗಳ ಮೇಲೆ ಕಪ್ಪೆಚಿಪ್ಪುಗಳನ್ನಿಟ್ಟು ಮರೆಮಾಡಿದ್ದು ೨೦೧೮ರಲ್ಲಿ ಟೀಕೆಗೆ ಗುರಿಯಾಯಿತು. ಕೊಲೆ ರಕ್ತಪಾತಗಳಿದ್ದ ಮೂಲ ಆಟದಲ್ಲಿ ಬಯಲಾಗಿದ್ದ ಶಿಲ್ಪ, ಪಾಠದಲ್ಲಿ ಮಾತ್ರ ಮುಚ್ಚಿಕೊಂಡಿತು. ಹಾಗೆಯೇ ಅಂದಿನ ಶಾಲೆಯಲ್ಲಿ ಹುಡುಗರೊಡನೆ ಹುಡುಗಿಯರೂ ಕುಳಿತು ಕಲಿಯುವಂತೆ ಚಿತ್ರಿಸಲಾಗಿದೆ. ಇದು ವಾಸ್ತವಕ್ಕೆ ದೂರವಾದುದೆಂದು ತಯಾರಕರೇ ಆಟದೊಳಗಿನ ಒಂದು ಟಿಪ್ಪಣಿಯಲ್ಲಿ ಒಪ್ಪಿಕೊಂಡಿದ್ದಾರೆ. ಈ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಆದರೂ ಹೆಣ್ಣುಮಕ್ಕಳು ಶಾಲೆಯ ಹೊಸ್ತಿಲನ್ನು ದಾಟಲು ಎಷ್ಟು ಶತಮಾನಗಳ ಹೋರಾಟ ಬೇಕಾಯಿತು ಎಂಬ ದೊಡ್ಡ ಪಾಠವೇ ಆ ಚಿತ್ರದಿಂದ ಅಳಿಸಿಹೋಗುತ್ತದೆ.

ಇಂತಹ ತಪ್ಪುಗಳನ್ನು ತಿದ್ದಬಹುದು. ತಿದ್ದಿದ ಮೇಲೆಯೂ ಉಳಿಯುವ ಕೊರತೆ ಆಟದ ರಚನೆಯಲ್ಲಿಯೇ ಇದೆ. ಈಜಿಪ್ಟಿನ ಆವೃತ್ತಿಯಲ್ಲಿ ಆಡುವವನು ನೆಲದ ಮೇಲೆ ಹೊಳೆಯುವ ಗೆರೆಯೊಂದನ್ನು ಹಿಡಿದು ಸಾಗುತ್ತಾನೆ; ನಿಲ್ದಾಣಗಳಲ್ಲಿ ನಿಂತು ವಿವರಣೆಯನ್ನು ಕೇಳುತ್ತಾನೆ; ಮುಂದಕ್ಕೆ ನಡೆಯುತ್ತಾನೆ. ಅವನು ಕ್ಲಿಯೋಪಾತ್ರಳ ವೇಷವನ್ನು ಧರಿಸಬಹುದು, ಸಾಮಾನ್ಯ ಪ್ರಜೆಯ ವೇಷವನ್ನೂ ಧರಿಸಬಹುದು. ಯಾವ ವೇಷ ತೊಟ್ಟರೂ ಕೇಳುವ ಪಾಠ ಒಂದೇ. ರಾಣಿಗೆ ತೆರೆಯುವ ಬಾಗಿಲು ಕೂಲಿಯವಳಿಗೆ ತೆರೆಯುವುದಿಲ್ಲ ಎಂಬುದು ಚರಿತ್ರೆಯ ಮೊದಲ ಸತ್ಯ. ಆ ಸತ್ಯವನ್ನು ಈ ಆಟ ಮಾತಿನಲ್ಲಿ ಹೇಳಬಲ್ಲುದು. ಆಡುವವನ ಅನುಭವಕ್ಕೆ ತರಲಾರದು. ಹಿಂಸೆಯನ್ನು ಕಳೆಯಹೊರಟವರು ಅದರೊಂದಿಗೆ ಆಯ್ಕೆ, ಅಡ್ಡಿ, ಸೋಲು ಎಲ್ಲವನ್ನೂ ಕಳೆದುಬಿಟ್ಟರು. ಉಳಿದದ್ದು ಸುಂದರವಾದ ವಸ್ತುಸಂಗ್ರಹಾಲಯ.

ಗ್ರೀಸಿನ ಆವೃತ್ತಿಯಲ್ಲಿ ಈ ಕೊರತೆಯನ್ನು ನೀಗಿಸಲು ಪ್ರವಾಸದ ಕೊನೆಗೆ ರಸಪ್ರಶ್ನೆಗಳನ್ನು ಸೇರಿಸಿದರು. ಪ್ರಶ್ನೆ ಕೇಳುವ ಮಾರ್ಗದರ್ಶಿಗಳಲ್ಲಿ ಹೆರೊಡೋಟಸನೂ ಒಬ್ಬ. ಜಾನಪದ ವಿದ್ಯಾರ್ಥಿಗಳಿಗೆ ಇದು ವಿಚಿತ್ರವಾಗಿ ತೋರದಿರದು. ಹೆರೊಡೋಟಸನ ಗ್ರಂಥವನ್ನು ಬಲ್ಲವರಿಗೆ ಅವನ ಕ್ರಮ ತಿಳಿದಿದೆ: ಒಂದೇ ಘಟನೆಯನ್ನು ಕುರಿತು ಈ ಊರಿನವರು ಹೀಗೆ ಹೇಳುತ್ತಾರೆ, ಆ ಊರಿನವರು ಹಾಗೆ ಹೇಳುತ್ತಾರೆ ಎಂದು ಎರಡನ್ನೂ ದಾಖಲಿಸುತ್ತಾನೆ; ಹೇಳಿದ್ದನ್ನು ವರದಿ ಮಾಡುವುದು ತನ್ನ ಕರ್ತವ್ಯ, ನಂಬಲೇಬೇಕಾದ ಹಂಗು ತನಗಿಲ್ಲ ಎಂದು ಸ್ಪಷ್ಟಪಡಿಸುತ್ತಾನೆ. ಅಂತಹವನ ಬಾಯಿಂದ ಒಂದೇ ಸರಿಯುತ್ತರವುಳ್ಳ ಪ್ರಶ್ನೆಗಳನ್ನು ಕೇಳಿಸಲಾಗಿದೆ. ವೈಕಿಂಗ್ ಆವೃತ್ತಿಯಲ್ಲಿ ಪಾತ್ರಗಳೂ ಕಥೆಗಳೂ ಮರಳಿ ಬಂದುದು, ತಯಾರಕರಿಗೂ ಹಿಂದಿನ ಕ್ರಮದ ಮಿತಿ ಅರಿವಾಗಿತ್ತೆಂಬುದರ ಸೂಚನೆ. ಆದರೆ ಅಲ್ಲಿಯೂ ಕಥೆ ಮೊದಲೇ ಗೊತ್ತುಪಡಿಸಿದ ದಾರಿಯಲ್ಲಿಯೇ ಸಾಗುತ್ತದೆ.

ಹೀಗಾಗಿ ಈ ಆಟಗಳ ಮುಖ್ಯ ಕೊರತೆಯನ್ನು ಒಂದು ಮಾತಿನಲ್ಲಿ ಹೇಳಬಹುದು: ಕಲಿಯುವವನಿಗೆ ಇಲ್ಲಿ ಎದುರುಪ್ರಶ್ನೆ ಹಾಕುವ ಹಕ್ಕಿಲ್ಲ. ‘ಇದು ನಿಮಗೆ ಹೇಗೆ ತಿಳಿಯಿತು?’ ಎಂದು ಕೇಳಿದರೆ ಉತ್ತರಿಸುವವರಿಲ್ಲ. ಕೆಲವೆಡೆ ವಸ್ತುಸಂಗ್ರಹಾಲಯದ ಚಿತ್ರಗಳನ್ನು ಆಧಾರವಾಗಿ ತೋರಿಸಿದರೂ, ಆ ಆಧಾರವನ್ನು ಒರೆಗೆ ಹಚ್ಚುವ ಕೆಲಸ ಮಗುವಿನ ಪಾಲಿಗೆ ಬರುವುದಿಲ್ಲ.

ಜನಪದರ ಆಟ, ಜನಪದರ ವಾದ

ಈ ಹಕ್ಕಿನ ಬೆಲೆಯನ್ನು ನಮ್ಮ ಜನಪದರು ಬಲ್ಲವರಾಗಿದ್ದರು. ಎರಡು ಉದಾಹರಣೆಗಳನ್ನು ನೋಡಬಹುದು.

ಹಳ್ಳಿಯ ಕಟ್ಟೆಗಳ ಮೇಲೆ, ಗುಡಿಗಳ ಹಾಸುಗಲ್ಲುಗಳ ಮೇಲೆ ಗೆರೆ ಕೊರೆದು ಆಡುವ ಹುಲಿ-ಕುರಿ ಆಟ ಮೊದಲನೆಯದು. ಹುಲಿಗಳು ಕೆಲವೇ, ಕುರಿಗಳು ಹಲವು. ಹುಲಿ ಹಾರಿ ಕುರಿಯನ್ನು ತಿನ್ನಬಲ್ಲುದು; ಕುರಿಗೆ ಆ ಶಕ್ತಿಯಿಲ್ಲ. ಕುರಿಗಳು ಒಂದರ ಬೆನ್ನಿಗೊಂದು ನಿಂತು ದಾರಿ ಕಟ್ಟಿದರೆ ಮಾತ್ರ ಹುಲಿ ಸಿಕ್ಕಿಬೀಳುತ್ತದೆ. ಬಲವುಳ್ಳವನಿಗೂ ಬಲಹೀನನಿಗೂ ನಿಯಮ ಬೇರೆ ಬೇರೆ ಎಂಬುದನ್ನು, ಬಲಹೀನರಿಗೆ ಒಗ್ಗಟ್ಟೇ ಆಯುಧವೆಂಬುದನ್ನು ಈ ಆಟ ಒಂದು ಮಾತನ್ನೂ ಆಡದೆ ತಿಳಿಸುತ್ತದೆ. ಇದಕ್ಕೆ ಪ್ರತ್ಯೇಕವಾದ ಶೈಕ್ಷಣಿಕ ಆವೃತ್ತಿ ಬೇಕಾಗಲಿಲ್ಲ. ಪಾಠ ನಿಯಮದಲ್ಲಿಯೇ ಇದೆ. ಕುರಿಯ ಕಡೆ ಕುಳಿತು ಸೋತ ಹುಡುಗ ಮರುದಿನ ಹುಲಿಯ ಕಡೆ ಕುಳಿತಾಗ ಲೋಕ ಬೇರೆಯಾಗಿ ಕಾಣುತ್ತದೆ.

ಎರಡನೆಯದು ಉತ್ತರ ಕರ್ನಾಟಕದ ಲಾವಣಿ, ಗೀಗೀ ಮೇಳಗಳ ಹರದೇಶಿ-ನಾಗೇಶಿ ಸಂಪ್ರದಾಯ. ಹರದೇಶಿಯವರು ಗಂಡು ಹೆಚ್ಚೆಂದು ವಾದಿಸಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ವಾದಿಸುತ್ತಾರೆ. ಒಂದು ಮೇಳದ ಸವಾಲಿಗೆ ಇನ್ನೊಂದು ಮೇಳ ಜವಾಬು ಕೊಡಬೇಕು. ಪುರಾಣದಿಂದಲೋ ಚರಿತ್ರೆಯಿಂದಲೋ ಕಣ್ಣೆದುರಿನ ಬದುಕಿನಿಂದಲೋ ಆಧಾರವನ್ನು ತರಬೇಕು. ತೀರ್ಪು ಕೊಡುವವರು ರಾತ್ರಿಯಿಡೀ ಕುಳಿತ ಕೇಳುಗರು. ಅಲ್ಲಿ ಜ್ಞಾನವೆಂಬುದು ಎರಡು ಬಾಯಿಗಳ ನಡುವೆ ಹುಟ್ಟುತ್ತದೆ.

ಚರಿತ್ರೆಯ ಘಟನೆಗಳನ್ನು ಹಾಡುವ ಲಾವಣಿಗಳಿಗೂ ಇದೇ ಗುಣವಿದೆ. ೧೮೫೭ರಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ವಿರೋಧಿಸಿ ದಂಗೆಯೆದ್ದರು. ಸರಕಾರದ ಕಣ್ಣಿಗೆ ಅದು ಕಾನೂನನ್ನು ಮುರಿದವರ ಗಲಭೆ; ಲಾವಣಿಕಾರನ ಬಾಯಲ್ಲಿ ಮಾನವನ್ನು ಉಳಿಸಿಕೊಳ್ಳಲು ಪ್ರಾಣಕೊಟ್ಟವರ ಕಥೆ. ಈ ಲಾವಣಿಯನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದವನು ಅದೇ ಸರಕಾರದ ಅಧಿಕಾರಿ ಜೆ. ಎಫ್. ಫ್ಲೀಟ್. ಹತ್ತಿಮತ್ತೂರಿನ ಶಾಸನವನ್ನು ವಿದ್ವಾಂಸರ ಗಮನಕ್ಕೆ ತಂದವನೂ ಅವನೇ. ಒಬ್ಬನೇ ವಿದ್ವಾಂಸನು ಕಲ್ಲಿನ ಮಾತನ್ನೂ ಬಾಯಿಮಾತನ್ನೂ ದಾಖಲಿಸಿದನು. ಎರಡನ್ನೂ ಎದುರುಬದುರಾಗಿಟ್ಟು ಓದುವ ಅವಕಾಶ ನಮಗೆ ದೊರೆಯಿತು.

ಗಳಗನಾಥರ ಮಿತಿ ಮತ್ತು ಶಕ್ತಿ

ಗಳಗನಾಥರ ಕಾದಂಬರಿಗಳಲ್ಲಿ ದೋಷಗಳಿಲ್ಲವೆ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಖಂಡಿತವಾಗಿಯೂ ಇವೆ. ‘ಮಾಧವ ಕರುಣಾವಿಲಾಸ’ ೧೯೨೩ರಲ್ಲಿ ಪ್ರಕಟವಾಯಿತು. ವಿಜಯನಗರದ ಸ್ಥಾಪನೆಯಲ್ಲಿ ವಿದ್ಯಾರಣ್ಯರ ಪಾತ್ರವನ್ನು ಅದು ಸಂದೇಹಕ್ಕೆ ಎಡೆಯಿಲ್ಲದಂತೆ ಕೊಂಡಾಡುತ್ತದೆ. ೧೯೨೯ರಲ್ಲಿ ಪಾದರಿ ಹೆನ್ರಿ ಹೆರಾಸ್ ಅವರು ಈ ಐತಿಹ್ಯವು ನಂತರದ ಕಾಲದ ಸೃಷ್ಟಿಯೆಂದು ವಾದಿಸಿದರು. ಅದನ್ನು ಖಂಡಿಸಿದವರೂ ಹಲವರು. ಚರ್ಚೆ ದಶಕಗಳ ಕಾಲ ನಡೆಯಿತು. ಗಳಗನಾಥರು ಒಂದು ಪಕ್ಷವನ್ನು ಹಿಡಿದರೆಂಬುದರಲ್ಲಿ ಅನುಮಾನವಿಲ್ಲ.

ಆದರೆ ಅವರ ಪುಸ್ತಕ ತಾನು ಕಾದಂಬರಿಯೆಂಬುದನ್ನು ಬಚ್ಚಿಡಲಿಲ್ಲ. ಅದರ ಮೇಲೆ ಬರೆದವರ ಹೆಸರಿತ್ತು. ಪುಸ್ತಕದ ಗಂಟನ್ನು ಹೊತ್ತು ಅವರೇ ಬಾಗಿಲಿಗೆ ಬರುತ್ತಿದ್ದುದರಿಂದ, ಓದಿದವನು ಅವರನ್ನು ನಿಲ್ಲಿಸಿ ಕೇಳಬಹುದಾಗಿತ್ತು. ಶೈಕ್ಷಣಿಕ ಆಟದ ಧ್ವನಿಯಾದರೋ ಹೆಸರಿಲ್ಲದ ಪ್ರಮಾಣದ ಧ್ವನಿ. ಮೂಲ ಆಟವನ್ನು ಆಡುವ ಹುಡುಗ ಅದನ್ನು ಕಥೆಯೆಂದೇ ಆಡುತ್ತಾನೆ. ಕವಲು ಆವೃತ್ತಿಯನ್ನು ಪಾಠವೆಂದು ನಂಬುತ್ತಾನೆ. ಕಾದಂಬರಿಯ ಸಣ್ಣ ತಪ್ಪಿಗಿಂತ ಪಾಠದ ಸಣ್ಣ ತಪ್ಪು ಹೆಚ್ಚು ಕಾಲ ಉಳಿಯುವುದು ಈ ಕಾರಣದಿಂದ.

ಮುಂದಿನ ಹೆಜ್ಜೆ

ದೂರದ ದೇಶಗಳ ಆಟಗಳನ್ನು ಕುರಿತ ಈ ವಿಚಾರ ನಮಗೇಕೆ ಎಂದು ಯಾರಾದರೂ ಕೇಳಬಹುದು. ಹಂಪಿಯನ್ನು ಗಣಕಯಂತ್ರದಲ್ಲಿ ಮರುರೂಪಿಸುವ ‘ಡಿಜಿಟಲ್ ಹಂಪಿ’ ಯೋಜನೆ ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆಶ್ರಯದಲ್ಲಿ ಈಗಾಗಲೇ ನಡೆದಿದೆ. ಇಂದಲ್ಲ ನಾಳೆ ಕನ್ನಡದ ಚರಿತ್ರೆಯೂ ಆಟವಾಗಿ ನಮ್ಮ ಶಾಲೆಗಳಿಗೆ ಬರುತ್ತದೆ. ಬರುವುದು ಒಳ್ಳೆಯದೇ. ಆದರೆ ಅದು ಹೊಳೆಯುವ ಗೆರೆಯ ಮೇಲೆ ಮಕ್ಕಳನ್ನು ನಡೆಸಿ ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ತೋರಿಸುವುದಕ್ಕೆ ಸೀಮಿತವಾದರೆ ಸಾಲದು.

ಹಾವೇರಿ ಜಿಲ್ಲೆಯೊಂದನ್ನೇ ತೆಗೆದುಕೊಂಡರೂ ಸಾಮಗ್ರಿಗೆ ಬರವಿಲ್ಲ. ಹಾನಗಲ್ಲಿನ ತಾರಕೇಶ್ವರ ದೇವಾಲಯ, ಊರೂರಿನಲ್ಲಿ ನಿಂತಿರುವ ವೀರಗಲ್ಲುಗಳು, ಕನಕದಾಸರ ಬಾಡ, ಷರೀಫರ ಶಿಶುನಾಳ, ಸವಣೂರಿನ ನವಾಬರ ಆಳ್ವಿಕೆ: ಇವುಗಳಲ್ಲಿ ಪ್ರತಿಯೊಂದಕ್ಕೂ ಬರಹದ ದಾಖಲೆ ಒಂದಾದರೆ, ಜನರ ನೆನಪು ಇನ್ನೊಂದು. ಮಗುವಿನ ಕೈಗೆ ಎರಡನ್ನೂ ಕೊಡುವ ಆಟ ನಮಗೆ ಬೇಕು. ತುರು ಕಾಯಲು ಹೋಗಿ ಮಡಿದವನ ಕಲ್ಲನ್ನು ಮೂರು ಹಂತಗಳಲ್ಲಿ ಓದುವುದು ಹೇಗೆ, ಸವೆದುಹೋದ ಅಕ್ಷರವನ್ನು ಹೀಗೂ ಓದಬಹುದೆ, ಹಾಗೂ ಓದಬಹುದೆ, ಅಜ್ಜಿ ಹೇಳುವ ಕಥೆಗೂ ಕಲ್ಲಿನ ಬರಹಕ್ಕೂ ಹೊಂದಿಕೆಯಾಗದಿದ್ದರೆ ಏನು ಮಾಡಬೇಕು ಎಂಬ ಇಕ್ಕಟ್ಟುಗಳನ್ನು ಆಟದ ನಿಯಮಗಳನ್ನಾಗಿ ಮಾಡಬೇಕು. ತಪ್ಪಾಗಿ ಓದಿದರೆ ಸೋಲಬೇಕು. ಸೋತ ಮೇಲೆ ಮತ್ತೆ ಕಲ್ಲಿನ ಬಳಿಗೆ ಹೋಗಬೇಕು. ಇದಕ್ಕೆ ಇತಿಹಾಸಕಾರರು, ಶಾಸನತಜ್ಞರು, ಜಾನಪದ ವಿದ್ವಾಂಸರು ಆಟ ಸಿದ್ಧವಾದ ಮೇಲೆ ತಪ್ಪು ತಿದ್ದುವವರಾಗಿ ಬಂದರೆ ಪ್ರಯೋಜನವಿಲ್ಲ. ನಿಯಮಗಳನ್ನು ರೂಪಿಸುವ ಹೊತ್ತಿನಲ್ಲಿಯೇ ಅವರು ಜೊತೆಗಿರಬೇಕು. ಲಾವಣಿಕಾರರೂ ಹಳ್ಳಿಯ ಹಿರಿಯರೂ ಅವರ ಪಕ್ಕದಲ್ಲಿ ಕುಳಿತಿರಬೇಕು.

ಹತ್ತಿಮತ್ತೂರಿನ ಶಾಸನ ಹನ್ನೆರಡು ಶತಮಾನಗಳಿಗೂ ಹಿಂದಿನ ಮಾತನ್ನು ನಮಗೆ ಉಳಿಸಿಕೊಟ್ಟಿದೆ. ಆ ಊರಿನಲ್ಲಿಯೇ ಹುಟ್ಟಿದ ಗಳಗನಾಥರು ಹಳೆಯ ಕಾಲವನ್ನು ಕಥೆಯಾಗಿಸಿ ಹೆಗಲ ಮೇಲೆ ಹೊತ್ತು ತಿರುಗಿದರು. ಶಾಸನವನ್ನು ಓದಬೇಕಾದರೂ ಕಥೆಯನ್ನು ಕೇಳಬೇಕಾದರೂ ಎದುರಿಗೊಬ್ಬ ಮನುಷ್ಯ ಬೇಕು, ‘ಹೌದೆ?’ ಎಂದು ಕೇಳುವ ಧೈರ್ಯ ಅವನಲ್ಲಿರಬೇಕು. ಮುಂದೆ ಬರುವ ಆಟಗಳು ನಮ್ಮ ಮಕ್ಕಳಲ್ಲಿ ಆ ಧೈರ್ಯವನ್ನು ಬೆಳೆಸುತ್ತವೆಯೋ ಇಲ್ಲವೋ ಎಂಬುದರ ಮೇಲೆ ಅವುಗಳ ಶೈಕ್ಷಣಿಕ ಬೆಲೆ ನಿಂತಿದೆ.