ಅರ್ಧ ಬ್ಲೇಡಿನ ಕತ್ತಿ

ಧನಕವಡಿಯಲ್ಲಿ ನಮ್ಮಪ್ಪನ ಕಟಿಂಗ್ ಅಂಗಡಿ ಇದ್ದದ್ದು ಸಾತಾರಾ ರಸ್ತೆಯಿಂದ ಒಳಗೆ ತಿರುಗುವ ಒಂದು ಓಣಿಯಲ್ಲಿ. ಎರಡು ಕುರ್ಚಿ, ಉದ್ದದ ಒಂದು ಕನ್ನಡಿ, ಮೂಲೆಯಲ್ಲಿ ರೇಡಿಯೋ. ಬೆಳಿಗ್ಗೆ ಶಂಕರ ಮಹಾರಾಜರ ಮಠಕ್ಕೆ ಹೋಗಿ ಬಂದವರು, ಮಧ್ಯಾಹ್ನ ಭಾರತಿ ವಿದ್ಯಾಪೀಠದ ಹುಡುಗರು, ಸಂಜೆ ಗೌಂಡಿ ಕೆಲಸ ಮುಗಿಸಿ ಬರುವ ವಿಜಯಪುರ, ಕಲಬುರಗಿ ಕಡೆಯ ನಮ್ಮ ಜನ. ಅಪ್ಪ ಗಿರಾಕಿಗಳೊಂದಿಗೆ ಮರಾಠಿ ಮಾತಾಡುತ್ತಿದ್ದ, ಲೆಕ್ಕ ಮಾತ್ರ ಕನ್ನಡದಲ್ಲೇ ಎಣಿಸುತ್ತಿದ್ದ.

ಅಂಗಡಿ ಮುಚ್ಚಿದ ಮೇಲೆ ಅದರ ಸಾಮಾನುಗಳಲ್ಲಿ ನಾನು ಮನೆಗೆ ತಂದಿಟ್ಟುಕೊಂಡದ್ದು ಎರಡೇ: ಎರಡು ಕತ್ತಿ. ಒಂದು ನನ್ನ ಅಜ್ಜನದು, ಇನ್ನೊಂದು ಅಪ್ಪನದು. ಎರಡೂ ಮಡಚುವ ಕತ್ತಿಗಳೇ. ಇಲ್ಲಿನವರು ವಸ್ತರಾ ಅನ್ನುತ್ತಾರೆ, ಹಿಂದಿಯವರು ಉಸ್ತರಾ. ಅಜ್ಜನದರ ಅಲಗು ಅದರ ಮೈಗೇ ಸೇರಿದ್ದು. ಅಪ್ಪನದರ ಅಲಗು ಗಿರಾಕಿಗೊಮ್ಮೆ ಬದಲಾಗುವಂಥದ್ದು. ಈ ಎರಡು ಕತ್ತಿಗಳ ನಡುವೆ ಏನಾಯಿತು ಎಂಬುದು ನಮ್ಮ ಮನೆತನದ ಚರಿತ್ರೆಯೂ ಹೌದು, ಅದಕ್ಕಿಂತ ದೊಡ್ಡದೊಂದು ಚರಿತ್ರೆಯೂ ಹೌದು.

ಅಜ್ಜನ ಕತ್ತಿಯಿಂದ ಶುರುಮಾಡುತ್ತೇನೆ. ಕೊಂಬಿನ ಹಿಡಿ, ಬೆನ್ನು ದಪ್ಪ, ಎರಡೂ ಮಗ್ಗುಲು ಒಳಕ್ಕೆ ತಗ್ಗಾಗಿ ಸವೆದ ಉಕ್ಕು. ಬುಡದಲ್ಲಿ ಅರ್ಧ ಅಳಿಸಿದ ಇಂಗ್ಲಿಷ್ ಅಕ್ಷರಗಳಿವೆ. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಜೋಲಿಂಗನ್, ಈ ಎರಡು ಊರುಗಳು ಇಂಥ ಕತ್ತಿಗಳಿಗೆ ಲೋಕದಲ್ಲೆಲ್ಲ ಹೆಸರಾಗಿದ್ದವು. ಇದು ಯಾವ ಕೈಯಿಂದ ಯಾವ ಕೈಗೆ ದಾಟಿ ನಮ್ಮ ಊರಿಗೆ ಬಂತೋ, ಅಜ್ಜನಿಗೂ ಗೊತ್ತಿರಲಿಲ್ಲ. ಕೊಂಡದ್ದು ಒಮ್ಮೆ, ಮಸೆದದ್ದು ಜೀವಮಾನವಿಡೀ. ಮೊದಲು ನುಣುಪಾದ ಕಲ್ಲಿನ ಮೇಲೆ ನೀರು ಹಾಕಿ ಮಸೆಯಬೇಕು, ಆಮೇಲೆ ಚರ್ಮದ ಪಟ್ಟಿಯ ಮೇಲೆ ಹಿಂದಕ್ಕೆ ಮುಂದಕ್ಕೆ ತೀಡಬೇಕು. ಕಲ್ಲು ಉಕ್ಕನ್ನು ಸವೆಸಿ ಹೊಸ ಅಂಚು ತರುತ್ತದೆ. ಪಟ್ಟಿ ಬಾಗಿದ ಅಂಚನ್ನು ನೆಟ್ಟಗೆ ಮಾಡುತ್ತದೆ. ಈ ಎರಡರ ವ್ಯತ್ಯಾಸ ಬೆರಳಿಗೆ ಗೊತ್ತಾಗಲು ಅಪ್ಪನಿಗೆ ಎರಡು ವರ್ಷ ಹಿಡಿಯಿತಂತೆ. ಅಲ್ಲಿಯವರೆಗೆ ಅಜ್ಜ ಅವನಿಗೆ ಗಡ್ಡ ಮುಟ್ಟಲು ಬಿಟ್ಟಿರಲಿಲ್ಲ.

ಈ ಕತ್ತಿ ಇರುತ್ತಿದ್ದದ್ದು ಒಂದು ಚೀಲದಲ್ಲಿ. ಅದಕ್ಕೆ ಹಡಪ ಎಂದು ಹೆಸರು. ಹಡಪ ಎಂದರೆ ಎಲೆ ಅಡಿಕೆಯ ಚೀಲವೂ ಹೌದು, ಕ್ಷೌರದ ಸಾಮಾನಿನ ಚೀಲವೂ ಹೌದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಹತ್ತಿರದ ಒಡನಾಡಿಯಾಗಿದ್ದ ಶರಣ ಹಡಪದ ಅಪ್ಪಣ್ಣ. ಆತನ ಹೆಂಡತಿ ಲಿಂಗಮ್ಮ ಕೂಡ ವಚನಕಾರ್ತಿ. ನಮ್ಮ ಜನ ತಮ್ಮನ್ನು ಹಡಪದವರು ಎಂದು ಕರೆದುಕೊಳ್ಳುವುದು ಆ ಹೆಸರಿನಿಂದ. ಮನೆಯಲ್ಲಿ ಅಪ್ಪಣ್ಣನ ಚಿತ್ರಕ್ಕೆ ಅವ್ವ ಈಗಲೂ ದಿನಾ ವಿಭೂತಿ ಹಚ್ಚುತ್ತಾಳೆ.

ಬದಲಾಗುವ ಅಲಗಿನ ಕತೆ ಅಮೆರಿಕದಲ್ಲಿ ಹುಟ್ಟಿತು. ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಮಾರಾಟಗಾರನಿಗೆ, ಮಸೆಯುವ ಗೋಜೇ ಇಲ್ಲದ, ಮೊಂಡಾದರೆ ಬಿಸಾಡುವ ತೆಳ್ಳನೆಯ ಅಲಗು ಮಾಡಬೇಕೆಂಬ ಆಸೆ. ಅಷ್ಟು ತೆಳು ಉಕ್ಕಿಗೆ ಗಡಸುತನ ಕೊಡುವುದು ಆಗದ ಮಾತು ಎಂದು ತಿಳಿದವರು ಹೇಳಿದ್ದರು. ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್ ಅದನ್ನು ಸಾಧಿಸಿಕೊಟ್ಟ. 1903ರಲ್ಲಿ, ಮಾರಾಟದ ಮೊದಲ ವರ್ಷ, ಹೋದದ್ದು 51 ರೇಜರ್, 168 ಬ್ಲೇಡು. 1904ರಲ್ಲಿ ಪೇಟೆಂಟ್ ಸಿಕ್ಕಿತು. ಮೊದಲ ಮಹಾಯುದ್ಧದ ಕೊನೆಗೆ ಅಮೆರಿಕದ ಸರ್ಕಾರ ತನ್ನ ಸೈನಿಕರಿಗಾಗಿ 35 ಲಕ್ಷ ರೇಜರ್, 3 ಕೋಟಿಗೂ ಹೆಚ್ಚು ಬ್ಲೇಡು ಕೊಂಡಿತ್ತು. ಇದೇ ಉಪಾಯ ಆಸ್ಪತ್ರೆಗೂ ಹೋಯಿತು. 1915ರಲ್ಲಿ ಮಾರ್ಗನ್ ಪಾರ್ಕರ್ ಎಂಬಾತ, ಹಿಡಿ ಉಳಿದು ಅಲಗು ಮಾತ್ರ ಬದಲಾಗುವ ಶಸ್ತ್ರಚಿಕಿತ್ಸೆಯ ಚಾಕುವಿಗೆ ಪೇಟೆಂಟ್ ಪಡೆದ. ಇಂದಿಗೂ ಆಪರೇಷನ್ ಥಿಯೇಟರುಗಳಲ್ಲಿ ಆ ಮಾದರಿ ಇದೆ.

ಜಿಲೆಟ್‌ನ ಉದ್ದೇಶ ಗಂಡಸರು ಕ್ಷೌರಿಕನ ಹತ್ತಿರ ಹೋಗದೆ ಮನೆಯಲ್ಲೇ ಗಡ್ಡ ಮಾಡಿಕೊಳ್ಳಲಿ ಎಂಬುದು. ನಮ್ಮ ಕಸುಬಿಗೆ ಅವನ ಬ್ಲೇಡು ಶತ್ರುವೇ. ಆದರೆ ಆ ಶತ್ರುವನ್ನು ನಮ್ಮವರು ಎರಡು ತುಂಡು ಮಾಡಿ ತಮ್ಮ ಕತ್ತಿಯೊಳಗೇ ಕೂರಿಸಿಕೊಂಡರು. ಅಪ್ಪನ ಕತ್ತಿ ಅದೇ. ಹಿಡಿಯೊಳಗಿಂದ ಬಿಡಿಸಿದರೆ ಒಂದು ಉಕ್ಕಿನ ತೋಳು ಬರುತ್ತದೆ, ಅದಕ್ಕೆ ಬಾಯಿ ತೆರೆಯುವ ಒಂದು ಕ್ಲಿಪ್ಪು. ಎರಡಂಚಿನ ಮಾಮೂಲಿ ಬ್ಲೇಡನ್ನು ಕಾಗದ ಬಿಚ್ಚದೆ ಉದ್ದಕ್ಕೆ ಮಡಚಿದರೆ ಟಪ್ ಎಂದು ಎರಡು ಹೋಳಾಗುತ್ತದೆ. ಒಂದು ಹೋಳನ್ನು ಕ್ಲಿಪ್ಪಿನ ಬಾಯಿಗೆ ಕೊಟ್ಟು ಮುಚ್ಚಿದರೆ ಅಂಚು ಕೂದಲೆಳೆಯಷ್ಟು ಹೊರಗೆ ಕಾಣುತ್ತದೆ. ಒಂದು ಬ್ಲೇಡಿಗೆ ಇಬ್ಬರು ಗಿರಾಕಿ. ಟೋಪಾಝ್, ಸೆವೆನ್ ಓ ಕ್ಲಾಕ್, ಯಾವುದಾದರೂ ಸರಿ. ಬ್ಲೇಡು ಮುರಿಯುವ ಆ ಸದ್ದು ನನ್ನ ಬಾಲ್ಯದ ಸದ್ದು.

ಈ ಕತ್ತಿ ಪೇಟೆಗೆ ಬಂದು ಎಷ್ಟೋ ಕಾಲವಾದರೂ ಅಪ್ಪ ಅದನ್ನು ಮುಟ್ಟಿರಲಿಲ್ಲ. 'ಬ್ಲೇಡು ಯಾರು ಬೇಕಾದವರು ಹಿಡೀತಾರ, ಅದಕ್ಕ ಕಲಿಯೂದೇನೈತಿ' ಎಂಬುದು ಅವನ ಮಾತು. ಬದಲಾಯಿಸಿದ್ದು ಏಡ್ಸ್ ಭಯ. 1986ರಲ್ಲಿ ಚೆನ್ನೈನಲ್ಲಿ ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಪತ್ತೆಯಾದವು. 1992ರಲ್ಲಿ ಪುಣೆಯ ಭೋಸರಿಯಲ್ಲೇ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆ ಶುರುವಾಯಿತು. ಗಿರಾಕಿಗಳು ಕುರ್ಚಿಯಲ್ಲಿ ಕೂರುವ ಮೊದಲು 'ನವೀನ್ ಬ್ಲೇಡ್ ಹೈ ನಾ?' ಎಂದು ಕೇಳತೊಡಗಿದರು. ನಿಜ ಹೇಳಬೇಕೆಂದರೆ ಕ್ಷೌರದ ಕತ್ತಿಯಿಂದ ಹೆಚ್ಚು ಭಯಪಡಬೇಕಾದದ್ದು ಹೆಪಟೈಟಿಸ್ ಬಿ ವೈರಸ್ಸಿಗೆ. ಅದು ಒಣಗಿದ ರಕ್ತದ ಕಲೆಯಲ್ಲೂ ಏಳು ದಿನ ಬದುಕಿರಬಲ್ಲದು. ಭಯದ ಹೆಸರು ಯಾವುದಾದರೇನು, ಆದದ್ದು ಒಳ್ಳೆಯದೇ. ಅಪ್ಪ ಅಜ್ಜನ ಕತ್ತಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟ. ಎರಡು ವರ್ಷ ಕಲಿತ ವಿದ್ಯೆ ಒಂದು ಮಧ್ಯಾಹ್ನದಲ್ಲಿ ನಿರುಪಯೋಗವಾಯಿತು. ಅವತ್ತು ಅವನು ಸರಿಯಾಗಿ ಊಟ ಮಾಡಲಿಲ್ಲ ಎಂದು ಅವ್ವ ಹೇಳುತ್ತಾಳೆ.

ಇಷ್ಟೇ ಆಗಿದ್ದರೆ ಇದು ಕಸುಬು ಕಳೆದುಕೊಂಡವರ ಇನ್ನೊಂದು ಕತೆಯಾಗುತ್ತಿತ್ತು. ನಮ್ಮ ಸಮಾಜದ ಬಗ್ಗೆ ಹೆಮ್ಮೆಯಿಂದ ಒಂದು ಲೇಖನ ಬರೆದು ಮುಗಿಸಬಹುದಿತ್ತು. ಆದರೆ ಆ ಹೊಸ ಕತ್ತಿ ಬಂದ ಕೆಲವು ವರ್ಷಗಳಲ್ಲೇ ಒಂದು ಸಂಜೆ ನಡೆದದ್ದನ್ನು ಬಿಟ್ಟು ಬರೆಯಲು ನನ್ನಿಂದಾಗದು.

ನಾನಾಗ ಹೈಸ್ಕೂಲು. ಶಾಲೆ ಬಿಟ್ಟು ಅಂಗಡಿಯಲ್ಲಿ ಕೂತಿದ್ದೆ. ಅಪ್ಪನ ವಯಸ್ಸಿನ ಒಬ್ಬರು ಬಾಗಿಲಲ್ಲಿ ನಿಂತರು. ಸಿಮೆಂಟಿನ ಧೂಳು ಮೆತ್ತಿದ ಅಂಗಿ. ಅಪ್ಪ ಅವರನ್ನು ನೋಡಿದ ಕೂಡಲೇ ಎದ್ದು ನಿಂತ. ಊರಿನವರು, ಒಂದೇ ಶಾಲೆಯಲ್ಲಿ ಕಲಿತವರು, ದಲಿತರ ಕೇರಿಯವರು. ಕಾತ್ರಜ್ ಹತ್ತಿರ ಕಟ್ಟಡದ ಕೆಲಸಕ್ಕೆ ಬಂದಿದ್ದರಂತೆ. ಅಪ್ಪ 'ಬಾ, ಕುಂದ್ರು' ಎಂದ. ಅವರು ಕೂರಲಿಲ್ಲ. ಅಪ್ಪ ಮತ್ತೊಮ್ಮೆ ಹೇಳಿದ ಮೇಲೆ ಕೂತರು. ಅಪ್ಪ ಬ್ಲೇಡು ತೆಗೆದು ಅವರ ಕಣ್ಣ ಮುಂದೆಯೇ ಮುರಿದ. ಗಡ್ಡ ಮಾಡಿ ಮುಗಿಸುವವರೆಗೂ ಇಬ್ಬರೂ ಮಾತಾಡಲಿಲ್ಲ. ತುರಟಿ ತಿಕ್ಕಿಸಿಕೊಂಡು ಎದ್ದವರು ಕನ್ನಡಿ ನೋಡಿಕೊಳ್ಳುತ್ತಾ ಹೇಳಿದರು: 'ನಿಮ್ಮಪ್ಪ ಇದ್ದಾಗ ನಿಮ್ಮ ಕಟ್ಟಿ ಮುಂದ ನಿಂತು ನೋಡತಿದ್ದೆ. ಕೈ ಭಾಳ ಹಗುರ ಅಂತಿದ್ರು ಎಲ್ಲಾರೂ. ನಮಗೇನು ಗೊತ್ತು.'

ಅಪ್ಪ ದುಡ್ಡು ತಗೊಳ್ಳಲಿಲ್ಲ. ಅವರು ಬಿಡಲಿಲ್ಲ, ಕನ್ನಡಿ ಕೆಳಗಿನ ಹಲಗೆಯ ಮೇಲೆ ಇಟ್ಟು ಹೋದರು.

ಆ ರಾತ್ರಿ ಅಪ್ಪ ನನಗೆ ಊರಿನ ಲೆಕ್ಕ ಬಿಡಿಸಿ ಹೇಳಿದ. ಊರಲ್ಲಿ ಕ್ಷೌರಕ್ಕೆ ರೊಕ್ಕವಿರಲಿಲ್ಲ, ಆಯ ಇತ್ತು. ಸುಗ್ಗಿಯಲ್ಲಿ ಪ್ರತಿ ರೈತನ ಕಣದಿಂದ ಇಷ್ಟು ಜೋಳ. ಮಹಾರಾಷ್ಟ್ರದಲ್ಲಿ ಇದನ್ನೇ ಬಲುತೆ ಅನ್ನುತ್ತಾರೆ. ದಲಿತರ ಕೇರಿಗೆ ಹಡಪ ಹೋಗುವಂತಿರಲಿಲ್ಲ. 'ಆ ಗಡ್ಡಕ್ಕ ಮುಟ್ಟಿದ ಕತ್ತಿ ನಮ್ಮ ಗಡ್ಡಕ್ಕ ಬ್ಯಾಡ' ಎಂಬುದು ಗೌಡರ ಮನೆಯ ಮಾತು. ಅಜ್ಜ ಒಮ್ಮೆ ಮುಟ್ಟಿದ್ದರೆ ಆ ವರ್ಷದ ಕಾಳು ನಿಲ್ಲುತ್ತಿತ್ತು. ಅಜ್ಜನೂ ಮೇಲಿನವನೇನಲ್ಲ. ಬೆಳಿಗ್ಗೆ ಎದುರಾದರೆ ಅಪಶಕುನ ಎನ್ನಿಸಿಕೊಂಡವನು, ಅವನ ಕಸುಬಿನ ಹೆಸರೇ ಬೈಗುಳವಾಗಿತ್ತು. ಆದರೂ ತನಗಿಂತ ಕೆಳಗೆ ಒಬ್ಬರನ್ನು ಇಟ್ಟುಕೊಳ್ಳಲು ಅವನಿಗೆ ಸಿಕ್ಕ ನೆವ ಆ ಒಂದು ಕತ್ತಿ. 'ಹೆದರಿಕಿ ಇತ್ತು, ಖರೇ. ಆದ್ರ ನಿಮ್ಮಜ್ಜಗ ಅದು ತಪ್ಪು ಅಂತ ಅನಿಸಿರಲಿಲ್ಲ. ನನಗೂ ಅನಿಸಿರಲಿಲ್ಲ' ಎಂದ ಅಪ್ಪ.

ನಮ್ಮ ಅಂಗಡಿಯ ಹತ್ತಿರ ಹಾದುಹೋಗುವ ಅದೇ ರಸ್ತೆ ಸಾತಾರಾ ಮುಟ್ಟುತ್ತದೆ. ಅಂಬೇಡ್ಕರ್ ಬಾಲ್ಯ ಕಳೆದ ಊರು ಅದು. ಊರಲ್ಲಿ ಕ್ಷೌರಿಕರಿಗೆ ಬರವಿರಲಿಲ್ಲ, ಕೊಡಲು ದುಡ್ಡೂ ಇತ್ತು, ಆದರೂ ಯಾರೂ ಮುಟ್ಟುತ್ತಿರಲಿಲ್ಲವಾದ್ದರಿಂದ ತಮ್ಮ ಕೂದಲನ್ನು ಅಕ್ಕನೇ ಕತ್ತರಿಸುತ್ತಿದ್ದಳು ಎಂದು ಅವರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ಕಾಲೇಜಿನಲ್ಲಿ ಅದನ್ನು ಓದಿದಾಗ ನನಗೆ ನೆನಪಾದದ್ದು ಸಿಮೆಂಟಿನ ಧೂಳಿನ ಆ ಅಂಗಿ.

ಮುಂದೆ ಇದೇ ಅಂಬೇಡ್ಕರ್ 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ 'ಅಂಗಡಿ' ಎಂಬ ಪದಕ್ಕೆ ವಿವರಣೆ ಕೊಟ್ಟರು. ಒಳಗೆ ಬಿಟ್ಟುಕೊಂಡರೆ ಸಾಲದು, ಬಂದವರಿಗೆಲ್ಲ ಸೇವೆಯನ್ನೂ ಕೊಡಬೇಕು ಎಂಬ ವಿಶಾಲ ಅರ್ಥ ಅದಕ್ಕಿದೆ ಎಂದರು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಸೇವೆ ನಿರಾಕರಿಸುವುದನ್ನು ಶಿಕ್ಷಾರ್ಹವಾಗಿಸಿತು. 1976ರ ತಿದ್ದುಪಡಿಯಲ್ಲಿ ಅದರ ಹೆಸರು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದಾಯಿತು. ಅಪ್ಪ ಊರು ಬಿಟ್ಟದ್ದು 1972ರ ಬರಗಾಲದ ನಂತರ. ಅಂದರೆ ಕಾನೂನು ಬಂದ ಮೇಲೂ ಹದಿನೇಳು ವರ್ಷ ನಮ್ಮ ಮನೆಯ ಕತ್ತಿಗೆ ಅದು ಗೊತ್ತಿರಲಿಲ್ಲ.

ಕ್ಷೌರಿಕರು ಯಾವಾಗಲೂ ಊರ ದೊಡ್ಡವರ ಮಾತು ಕೇಳಿಕೊಂಡೇ ಇದ್ದರು ಎನ್ನುವಂತೆಯೂ ಇಲ್ಲ. ಜೋತಿಬಾ ಫುಲೆ 1873ರಲ್ಲಿ ಇದೇ ಪುಣೆಯಲ್ಲಿ ಸತ್ಯಶೋಧಕ ಸಮಾಜ ಕಟ್ಟಿದರು. ಅದರ ಕಾರ್ಯಕರ್ತ ನಾರಾಯಣ ಮೇಘಾಜಿ ಲೋಖಂಡೆ 1890ರಲ್ಲಿ ಮುಂಬಯಿಯಲ್ಲಿ ಕ್ಷೌರಿಕರನ್ನು ಒಟ್ಟುಗೂಡಿಸಿದರು. ಬ್ರಾಹ್ಮಣ ವಿಧವೆಯರ ತಲೆ ಬೋಳಿಸುವ ಕೆಲಸ ಇನ್ನು ಮಾಡುವುದಿಲ್ಲ ಎಂದು ಅವರು ಕತ್ತಿ ಕೆಳಗಿಟ್ಟರು. ಆಗಲೂ ಅವರ ಹೊಟ್ಟೆಪಾಡು ಅದೇ ಕೈಗಳಲ್ಲಿತ್ತು. ಎಂದರೆ ಒಲ್ಲೆ ಎನ್ನುವುದು ಆಗದ ಮಾತಾಗಿರಲಿಲ್ಲ. ಇದನ್ನು ಅಪ್ಪನಿಗೆ ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, 'ಅವರು ಭಾಳ ಮಂದಿ ಇದ್ರು. ಊರಾಗ ನಿಮ್ಮಜ್ಜನ ಮನಿ ಒಂದ' ಎಂದ. ಅದೂ ನಿಜವೇ.

ನಾನು ಬಹಳ ಕಾಲ ಒಂದು ಸಮಾಧಾನ ಹೇಳಿಕೊಂಡಿದ್ದೆ. ಮೈಲಿಗೆ ಇದ್ದದ್ದು ಒಂದೇ ಕತ್ತಿ ಎಲ್ಲರಿಗೂ ಎಂಬಲ್ಲಿ. ಈಗ ಪ್ರತಿಯೊಬ್ಬರಿಗೂ ಬೇರೆ ಅಲಗು, ಹಾಗಾಗಿ ಆ ನೆವವೇ ಬಿದ್ದುಹೋಯಿತು, ಇನ್ನು ಊರೂ ಧನಕವಡಿಯಂತೆ ಆಗುತ್ತದೆ ಎಂದು.

ಕೆಲವು ವರ್ಷಗಳ ಹಿಂದೆ ಜಾತ್ರೆಗೆ ಹೋಗಿದ್ದೆ. ನಮ್ಮ ಹಳೆಯ ಮನೆಯ ಹತ್ತಿರವೇ ನಮ್ಮ ಸಂಬಂಧಿಕ ಹುಡುಗನೊಬ್ಬ ಅಂಗಡಿ ಹಾಕಿದ್ದಾನೆ. ತಿರುಗುವ ಕುರ್ಚಿ, ಗೋಡೆಗೆ ಸಿನಿಮಾ ನಟರ ಚಿತ್ರ, ಕೈಯಲ್ಲಿ ಅದೇ ಅರ್ಧ ಬ್ಲೇಡಿನ ಕತ್ತಿ. ನನ್ನ ಗಡ್ಡ ಮಾಡುತ್ತಿದ್ದ. ಕೇರಿಯವರು ಇಲ್ಲಿಗೆ ಬರುತ್ತಾರಾ ಎಂದು ಕೇಳಿದೆ. 'ಇಲ್ಲಣ್ಣ, ಅವರು ತಾಲ್ಲೂಕಿಗೆ ಹೋಗ್ತಾರ' ಎಂದ. ಯಾಕೆ, ಬ್ಲೇಡು ಎಲ್ಲರಿಗೂ ಹೊಸದೇ ಹಾಕುತ್ತೀಯಲ್ಲ ಎಂದೆ. ಕತ್ತಿ ನನ್ನ ಕೆನ್ನೆಯ ಮೇಲೆ ಒಂದು ಗಳಿಗೆ ನಿಂತಿತು.

'ಬ್ಲೇಡ್ ಹೊಸಾದ ಅಣ್ಣ. ಆದ್ರ ಕುರ್ಚಿ ಒಂದ ಐತಲ್ಲ.'

ಅವನನ್ನು ಬೈಯಲು ಬಾಯಿ ಬರಲಿಲ್ಲ. ಅಂಗಡಿ ಬಾಡಿಗೆಯದು, ಜಾಗ ಯಾರದೆಂದು ನನಗೂ ಗೊತ್ತು. ಇಷ್ಟು ಮಾತ್ರ ಹೇಳಿದೆ: ಧನಕವಡಿಯಲ್ಲಿ ನಿಮ್ಮ ದೊಡ್ಡಪ್ಪನ ಅಂಗಡಿಯಲ್ಲೂ ಕುರ್ಚಿ ಎರಡೇ ಇದ್ದವು, ಕೂತವರ ಕೇರಿ ಯಾವುದು ಎಂದು ಯಾರೂ ಕೇಳಲಿಲ್ಲ. ಅವನು ಅಲ್ಲ ಎನ್ನಲಿಲ್ಲ. 'ಅದು ಪುಣೆ' ಎಂದ.

ಪುಣೆಗೆ ಮರಳಿದ ಮೇಲೆ ಅಪ್ಪನಿಗೆ ಇದನ್ನು ಹೇಳಿದೆ. ಅವನ ಕೈ ಈಗ ನಡುಗುತ್ತದೆ, ತನ್ನ ಗಡ್ಡವನ್ನೂ ಬೇರೆಯವರ ಕೈಯಲ್ಲೇ ಮಾಡಿಸಿಕೊಳ್ಳುತ್ತಾನೆ. ಕೇಳಿ, ಬಟ್ಟೆಯಲ್ಲಿ ಸುತ್ತಿದ್ದ ಅಜ್ಜನ ಕತ್ತಿ ತರಿಸಿಕೊಂಡು ಬಿಡಿಸಿದ, ಹೆಬ್ಬೆರಳಿನಿಂದ ಅಂಚು ನೋಡಿದ, ಮಡಚಿದ. 'ಆ ಹುಡುಗಗ ಫೋನ್ ಹಚ್ಚಿ ಕೊಡು' ಎಂದ. ಹಚ್ಚಿ ಕೊಟ್ಟೆ. ಅಪ್ಪ ಅವನಿಗೆ ಕಾನೂನು ಹೇಳಲಿಲ್ಲ, ಅಪ್ಪಣ್ಣನ ಹೆಸರೂ ತೆಗೆಯಲಿಲ್ಲ. ಬಹಳ ವರ್ಷಗಳ ಹಿಂದೆ ಒಂದು ಸಂಜೆ ತನ್ನ ಅಂಗಡಿಗೆ ಊರಿನವನೊಬ್ಬ ಬಂದಿದ್ದ ಎಂದು ಕತೆ ಶುರುಮಾಡಿದ.