ಓಲ್ಡ್ ಫರ್ಮ್: ಸೆಲ್ಟಿಕ್–ರೇಂಜರ್ಸ್ ಪೈಪೋಟಿ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸೆಲ್ಟಿಕ್ ಮತ್ತು ರೇಂಜರ್ಸ್ ಎಂಬ ಎರಡು ಫುಟ್‌ಬಾಲ್ ಕ್ಲಬ್‌ಗಳ ಜೋಡಿಗೂ ಅವುಗಳ ನಡುವಿನ ಪಂದ್ಯಕ್ಕೂ ರೂಢಿಯಲ್ಲಿರುವ ಹೆಸರು. ಸ್ಕಾಟಿಷ್ ಲೀಗ್ ಶುರುವಾದದ್ದು 1890–91ರಲ್ಲಿ. 2024–25ರ ಋತು ಮುಗಿದಾಗ ಎರಡೂ ತಲಾ 55 ಸಲ ಲೀಗ್ ಗೆದ್ದು ಸಮಸಮವಾಗಿ ನಿಂತಿದ್ದವು. ಉಳಿದ ಎಲ್ಲ ಕ್ಲಬ್‌ಗಳೂ ಸೇರಿ ಗೆದ್ದದ್ದು 19; ಅದರಲ್ಲೂ ಒಂದು, ಮೊದಲ ವರ್ಷ ಡಂಬಾರ್ಟನ್ ಕ್ಲಬ್ ರೇಂಜರ್ಸ್ ಜೊತೆ ಹಂಚಿಕೊಂಡದ್ದು. ಸೆಲ್ಟಿಕ್‌ನ ಅಂಗಳ ನಗರದ ಪೂರ್ವಕ್ಕಿರುವ ಸೆಲ್ಟಿಕ್ ಪಾರ್ಕ್, ರೇಂಜರ್ಸ್‌ನದು ಕ್ಲೈಡ್ ನದಿಯ ದಕ್ಷಿಣ ದಂಡೆ ಕಡೆಯ ಐಬ್ರಾಕ್ಸ್. ನಡುವಿನ ದೂರ ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯ ಅರ್ಧದಷ್ಟೂ ಇಲ್ಲ. ಇಷ್ಟು ಹತ್ತಿರದ ಎರಡು ಅಂಗಳಗಳು ಒಂದು ದೇಶದ ಆಟವನ್ನು ಹೀಗೆ ಕೈವಶ ಮಾಡಿಕೊಂಡ ಉದಾಹರಣೆ ಯೂರೋಪಿನಲ್ಲಿ ಅಪರೂಪ.

ಹುಟ್ಟು

ರೇಂಜರ್ಸ್ 1872ರಲ್ಲಿ ನಾಲ್ವರು ಹದಿಹರೆಯದ ಹುಡುಗರು ಕಟ್ಟಿದ ತಂಡ. ಅದಕ್ಕೆ ಆಗ ಧರ್ಮದ ಸೋಂಕೇನೂ ಇರಲಿಲ್ಲ; ಆಡಲು ಒಂದು ಬಯಲು ಸಿಕ್ಕರೆ ಸಾಕಿತ್ತು. ಸೆಲ್ಟಿಕ್‌ನ ಕಥೆ ಬೇರೆ. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಬರ ಬಿದ್ದಾಗ ಸಾವಿರಾರು ಕ್ಯಾಥೊಲಿಕರು ಗುಳೆ ಎದ್ದು ಗ್ಲಾಸ್ಗೋಗೆ ಬಂದರು. ಅವರ ಕೇರಿಗಳ ಮಕ್ಕಳಿಗೆ ಊಟ ಹಾಕಲು ಹಣ ಬೇಕೆಂದು ಮ್ಯಾರಿಸ್ಟ್ ಪಂಥದ ಬ್ರದರ್ ವಾಲ್ಫ್ರಿಡ್ ಮುಂದಾಳತ್ವದಲ್ಲಿ 1887ರ ನವೆಂಬರ್‌ನಲ್ಲಿ ಚರ್ಚಿನ ಸಭಾಂಗಣವೊಂದರಲ್ಲಿ ಕ್ಲಬ್ ಸ್ಥಾಪನೆಯಾಯಿತು. ವರ್ಷ ವರ್ಷವೂ ಗುಳೆ ಹೋಗುವವರನ್ನು ಕಂಡಿರುವ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1888ರ ಮೇ 28ರಂದು ಸೆಲ್ಟಿಕ್ ತನ್ನ ಮೊದಲ ಪಂದ್ಯ ಆಡಿದ್ದು ರೇಂಜರ್ಸ್ ಮೇಲೆಯೇ. ಸೆಲ್ಟಿಕ್ 5–2ರಿಂದ ಗೆದ್ದಿತು. ಅದು ಸ್ನೇಹದ ಪಂದ್ಯ, ಮತ್ತು ಆ ದಿನಗಳಲ್ಲಿ ಎರಡೂ ಕ್ಲಬ್‌ಗಳ ಸ್ನೇಹ ನಿಜಕ್ಕೂ ಚೆನ್ನಾಗಿತ್ತು.

ಹೆಸರು ಬಂದದ್ದೂ ಆ ಸ್ನೇಹದ ಕುಚೋದ್ಯವಾಗಿಯೇ ಎನ್ನುತ್ತಾರೆ. ಎರಡು ತಂಡಗಳು ಎದುರಾದರೆ ಜನ ಮುಗಿಬೀಳುತ್ತಾರೆ, ಗೇಟ್ ಕಲೆಕ್ಷನ್ ತುಂಬುತ್ತದೆ ಎಂಬುದು ಬೇಗ ತಿಳಿದುಹೋಗಿತ್ತು. 1904ರ ಸ್ಕಾಟಿಷ್ ಕಪ್ ಫೈನಲ್‌ಗೆ ಮುನ್ನ ‘ಸ್ಕಾಟಿಷ್ ರೆಫರಿ’ ಪತ್ರಿಕೆಯ ವ್ಯಂಗ್ಯಚಿತ್ರವೊಂದು ಇವೆರಡನ್ನೂ ಒಂದೇ ಹಳೆಯ ಅಂಗಡಿಯ (ಓಲ್ಡ್ ಫರ್ಮ್) ಪಾಲುದಾರರೆಂದು ಬಣ್ಣಿಸಿ ಗಿರಾಕಿಗಳನ್ನು ಕರೆಯಿತು. ಐದು ವರ್ಷ ಕಳೆದ ಮೇಲೆ, 1909ರ ಕಪ್ ಫೈನಲ್ ಎರಡು ಸಲ ಡ್ರಾ ಆಯಿತು. ಹೆಚ್ಚುವರಿ ಸಮಯ ಆಡಿಸದೆ ಮೂರನೇ ಪಂದ್ಯದ ಟಿಕೆಟ್ ಮಾರುವ ಹೂಟವಿದು ಎಂದು ಸಿಟ್ಟಿಗೆದ್ದ ಜನ ಹ್ಯಾಂಪ್‌ಡನ್ ಅಂಗಳಕ್ಕೆ ನುಗ್ಗಿ ಬೆಂಕಿ ಹಚ್ಚಿದರು. ಆ ವರ್ಷ ಕಪ್ಪನ್ನು ಯಾರಿಗೂ ಕೊಡಲಿಲ್ಲ. ಗಮನಿಸಬೇಕಾದ್ದೆಂದರೆ, ಅಂದು ಎರಡೂ ಕಡೆಯ ಅಭಿಮಾನಿಗಳು ಬಡಿದಾಡಿಕೊಳ್ಳಲಿಲ್ಲ. ಒಂದಾಗಿ ಅಂಗಡಿಯವರ ಮೇಲೆ ತಿರುಗಿಬಿದ್ದರು.

ಧರ್ಮ, ರಾಜಕೀಯ

ಪೈಪೋಟಿ ಹಗೆಯ ಬಣ್ಣ ತಳೆದದ್ದು ನಂತರ. 1912ರಲ್ಲಿ ಬೆಲ್‌ಫಾಸ್ಟಿನ ಹಾರ್ಲೆಂಡ್ ಅಂಡ್ ವುಲ್ಫ್ ಕಂಪನಿ ಐಬ್ರಾಕ್ಸ್ ಸಮೀಪದ ಗೋವನ್‌ನಲ್ಲಿ ಹಡಗು ಕಟ್ಟುವ ಕಾರ್ಖಾನೆ ತೆರೆಯಿತು; ಅದರೊಂದಿಗೆ ಉತ್ತರ ಐರ್ಲೆಂಡಿನ ಪ್ರೊಟೆಸ್ಟೆಂಟ್ ಕೆಲಸಗಾರರೂ ಅವರ ರಾಜಕೀಯವೂ ಬಂದವು. ಐರ್ಲೆಂಡಿನ ಸ್ವಾತಂತ್ರ್ಯದ ಪ್ರಶ್ನೆ ಕಾವೇರಿದಂತೆ ಗ್ಯಾಲರಿಗಳೂ ಕಾವೇರಿದವು. ಒಂದು ಕಡೆ ಹಸಿರು, ಐರಿಷ್ ಬಾವುಟ, ಕ್ಯಾಥೊಲಿಕ್. ಇನ್ನೊಂದು ಕಡೆ ನೀಲಿ, ಯೂನಿಯನ್ ಜಾಕ್, ಪ್ರೊಟೆಸ್ಟೆಂಟ್. ರೇಂಜರ್ಸ್ ದಶಕಗಳ ಕಾಲ ಗೊತ್ತಿದ್ದೂ ಗೊತ್ತಿದ್ದೂ ಕ್ಯಾಥೊಲಿಕ್ ಆಟಗಾರರನ್ನು ಸೇರಿಸಿಕೊಳ್ಳಲಿಲ್ಲ. ಬರೆದಿಟ್ಟ ನಿಯಮ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸೆಲ್ಟಿಕ್‌ನಲ್ಲಿ ಅಂಥ ಕಟ್ಟು ಇರಲಿಲ್ಲ. ಅದಕ್ಕೆ ಯೂರೋಪಿಯನ್ ಕಪ್ ತಂದುಕೊಟ್ಟ ಮ್ಯಾನೇಜರ್ ಜಾಕ್ ಸ್ಟೀನ್ ಪ್ರೊಟೆಸ್ಟೆಂಟ್. ಅದರ ತಾರೆ ಕೆನ್ನಿ ಡಾಲ್‌ಗ್ಲಿಷ್ ಬಾಲ್ಯದಲ್ಲಿ ರೇಂಜರ್ಸ್ ಅಭಿಮಾನಿ.

1989ರ ಬೇಸಿಗೆಯಲ್ಲಿ ರೇಂಜರ್ಸ್ ಮ್ಯಾನೇಜರ್ ಗ್ರೇಮ್ ಸೌನೆಸ್ ಈ ಕಟ್ಟು ಮುರಿದರು. ಅವರು ಕರೆತಂದ ಮೋ ಜಾನ್‌ಸ್ಟನ್ ಕ್ಯಾಥೊಲಿಕ್ ಮಾತ್ರವಲ್ಲ, ಹಿಂದೆ ಸೆಲ್ಟಿಕ್‌ಗೆ ಆಡಿದವರು. ಸಾಲದ್ದಕ್ಕೆ, ಕೆಲವೇ ವಾರಗಳ ಹಿಂದೆ ಸೆಲ್ಟಿಕ್‌ಗೆ ಮರಳುತ್ತೇನೆಂದು ಅದರ ಅಂಗಿ ತೊಟ್ಟು ಪತ್ರಕರ್ತರ ಮುಂದೆ ನಿಂತಿದ್ದರು. ಎರಡೂ ಕಡೆಯವರು ಅವರನ್ನು ಒಂದೇ ಸಮನೆ ಬೈದರು; ಕೆಲವು ರೇಂಜರ್ಸ್ ಅಭಿಮಾನಿಗಳು ತಮ್ಮ ಶಾಲುಗಳನ್ನೇ ಸುಟ್ಟರು. ಅದೇ ವರ್ಷ ನವೆಂಬರ್‌ನಲ್ಲಿ ಜಾನ್‌ಸ್ಟನ್ ಸೆಲ್ಟಿಕ್ ವಿರುದ್ಧ ಕೊನೆ ಗಳಿಗೆಯ ಗೋಲು ಹೊಡೆದ ಮೇಲೆ ಐಬ್ರಾಕ್ಸ್ ತಣ್ಣಗಾಯಿತು.

ಪಂದ್ಯಗಳ ಚರಿತ್ರೆಯಲ್ಲಿ ಸಾವೂ ಇದೆ. 1971ರ ಜನವರಿ 2ರಂದು ಐಬ್ರಾಕ್ಸ್‌ನಲ್ಲಿ ಆಟ ಮುಗಿದು ಜನ ಹೊರಡುವಾಗ 13ನೇ ಮೆಟ್ಟಿಲುದಾರಿಯಲ್ಲಿ ಕಾಲ್ತುಳಿತವಾಗಿ 66 ಮಂದಿ ಸತ್ತರು. ಇದು ಜಗಳದಿಂದಾದದ್ದಲ್ಲ, ಕಡಿದಾದ ಮೆಟ್ಟಿಲು, ವಿಪರೀತ ಜನ. ಅದೇ ಜಾಗದಲ್ಲಿ ಹಿಂದೆಯೂ ಅನಾಹುತ ಆಗಿತ್ತು. ಇಂದಿನ ಐಬ್ರಾಕ್ಸ್ ಎಲ್ಲರಿಗೂ ಕುರ್ಚಿಯಿರುವ ಅಂಗಳವಾಗಿ ರೂಪುಗೊಂಡದ್ದಕ್ಕೆ ಈ ದುರಂತವೇ ಕಾರಣ. 1980ರ ಕಪ್ ಫೈನಲ್ ನಂತರ ನಡೆದದ್ದು ಮಾತ್ರ ನಿಜವಾದ ಬಡಿದಾಟ. ಅದರ ಫಲವಾಗಿ ಸ್ಕಾಟ್ಲೆಂಡಿನ ಫುಟ್‌ಬಾಲ್ ಅಂಗಳಗಳಲ್ಲಿ ಮದ್ಯ ನಿಷೇಧವಾಯಿತು.

ಮೇಲುಗೈಯ ಲೆಕ್ಕ

ಎರಡೇ ಕ್ಲಬ್ ಏಕೆ ಗೆಲ್ಲುತ್ತವೆ ಎಂಬುದಕ್ಕೆ ಆಟಕ್ಕಿಂತ ಲೆಕ್ಕದ ಪುಸ್ತಕ ಚೆನ್ನಾಗಿ ಉತ್ತರ ಹೇಳುತ್ತದೆ. ಸೆಲ್ಟಿಕ್ ಪಾರ್ಕಿನಲ್ಲಿ ಸುಮಾರು 60,000, ಐಬ್ರಾಕ್ಸಿನಲ್ಲಿ ಸುಮಾರು 51,000 ಆಸನಗಳಿವೆ. ದೇಶದ ಬೇರೆ ಯಾವ ಕ್ಲಬ್ಬಿನ ಅಂಗಳವೂ ಇದರ ಅರ್ಧಕ್ಕೆ ಬರುವುದಿಲ್ಲ. ತವರಿನ ಟಿಕೆಟ್ ಹಣ ತವರಿಗೇ. ಅಬರ್ಡೀನ್‌ನ ಹುಡುಗನೊಬ್ಬ ಚೆನ್ನಾಗಿ ಆಡಿದರೆ ಗ್ಲಾಸ್ಗೋದವರು ಕೊಂಡೊಯ್ಯುತ್ತಾರೆ. ಲೀಗ್ ಗೆದ್ದವರಿಗೆ ಯೂರೋಪಿನ ಪಂದ್ಯಾವಳಿಯ ಹಣ, ಆ ಹಣದಿಂದ ಮುಂದಿನ ಲೀಗ್. ಸ್ಕಾಟಿಷ್ ಪ್ರೀಮಿಯರ್ ಲೀಗ್‌ನಲ್ಲಿ 12 ಕ್ಲಬ್‌ಗಳಿದ್ದ ಕಾಲದಲ್ಲಿ ಮುಖ್ಯ ಬದಲಾವಣೆಗಳಿಗೆ 11 ಮತ ಬೇಕಿತ್ತು. ಅಂದರೆ ಈ ಇಬ್ಬರು ಒಪ್ಪದಿದ್ದರೆ ಉಳಿದ ಹತ್ತು ಮಂದಿ ಏನೂ ಮಾಡುವಂತಿರಲಿಲ್ಲ. ಮೈದಾನದಲ್ಲಿ ಬದ್ಧ ವೈರಿಗಳು, ಸಭೆಯಲ್ಲಿ ನೆಂಟರು. ಇನ್ನೂ ಸ್ವಾರಸ್ಯದ ಸಂಗತಿ ಅಂಗಿಯ ಮೇಲಿತ್ತು. 1984ರಲ್ಲಿ ಕಿಟಕಿ ಮಾರುವ ಸಿ.ಆರ್. ಸ್ಮಿತ್ ಕಂಪನಿ, ಮುಂದೆ ಕಾರ್ಲಿಂಗ್, ಟೆನೆಂಟ್ಸ್ ಬಿಯರ್ ಕಂಪನಿಗಳು ಎರಡು ತಂಡಗಳಿಗೂ ಒಟ್ಟಿಗೇ ಪ್ರಾಯೋಜಕರಾದವು. ಒಂದಕ್ಕೆ ಮಾತ್ರ ಹಣ ಕೊಟ್ಟರೆ ಅರ್ಧ ಊರು ಆ ಸರಕನ್ನು ಮುಟ್ಟುವುದಿಲ್ಲ!

ಸ್ಟೀನ್‌ರ ಸೆಲ್ಟಿಕ್ 1966ರಿಂದ 1974ರವರೆಗೆ ಸತತ ಒಂಬತ್ತು ಲೀಗ್ ಗೆದ್ದಿತು. ನಡುವೆ 1967ರಲ್ಲಿ ಲಿಸ್ಬನ್‌ನಲ್ಲಿ ಇಂಟರ್ ಮಿಲಾನ್ ತಂಡವನ್ನು 2–1ರಿಂದ ಸೋಲಿಸಿ ಯೂರೋಪಿಯನ್ ಕಪ್ ಎತ್ತಿದ ಮೊದಲ ಬ್ರಿಟಿಷ್ ಕ್ಲಬ್ ಆಯಿತು. ಆ ಹನ್ನೊಂದೂ ಮಂದಿ ಸೆಲ್ಟಿಕ್ ಪಾರ್ಕಿನ ಸುತ್ತ 30 ಮೈಲಿಯೊಳಗೆ ಹುಟ್ಟಿದವರು. ರೇಂಜರ್ಸ್ 1972ರಲ್ಲಿ ಕಪ್ ವಿನ್ನರ್ಸ್ ಕಪ್ ಗೆದ್ದಿತು. 1989ರಿಂದ 1997ರವರೆಗೆ ತಾನೂ ಒಂಬತ್ತು ಲೀಗ್ ಗೆದ್ದು ಲೆಕ್ಕ ಚುಕ್ತಾ ಮಾಡಿತು.

ಈ ಕೋಟೆಗೆ ಬಿರುಕು ಬಿದ್ದದ್ದು 1980ರ ದಶಕದ ಮೊದಲಲ್ಲಿ. ಅಲೆಕ್ಸ್ ಫರ್ಗುಸನ್ ಪಳಗಿಸಿದ ಅಬರ್ಡೀನ್ 1980, 1984, 1985ರಲ್ಲಿ, ಡಂಡಿ ಯುನೈಟೆಡ್ 1983ರಲ್ಲಿ ಲೀಗ್ ಗೆದ್ದವು. 1986ರಲ್ಲಿ ಹಾರ್ಟ್ಸ್ ಕೊನೆಯ ದಿನ ಡಂಡಿಯಲ್ಲಿ ಸೋತು ಕೈಗೆ ಬಂದದ್ದನ್ನು ಗೋಲುಗಳ ಅಂತರದಲ್ಲಿ ಸೆಲ್ಟಿಕ್‌ಗೆ ಬಿಟ್ಟಿತು. ಅಲ್ಲಿಂದ 2024–25ರವರೆಗಿನ 40 ಋತುಗಳಲ್ಲಿ ಸೆಲ್ಟಿಕ್ 22, ರೇಂಜರ್ಸ್ 18, ಮೂರನೆಯವರಿಗೆ ಸೊನ್ನೆ. ಕುತೂಹಲವೆಲ್ಲ ಇಬ್ಬರ ನಡುವೆಯೇ. 2005ರ ಮೇ 22ರಂದು ಮದರ್‌ವೆಲ್‌ನಲ್ಲಿ ಸೆಲ್ಟಿಕ್ ಕೊನೆಯ ನಿಮಿಷಗಳಲ್ಲಿ ಎರಡು ಗೋಲು ಬಿಟ್ಟುಕೊಟ್ಟಾಗ, ಪ್ರಶಸ್ತಿ ಹೊತ್ತ ಹೆಲಿಕಾಪ್ಟರ್ ಆಕಾಶದಲ್ಲೇ ದಿಕ್ಕು ಬದಲಿಸಿ ರೇಂಜರ್ಸ್ ಆಡುತ್ತಿದ್ದ ಎಡಿನ್‌ಬರೊ ಕಡೆ ಹಾರಬೇಕಾಯಿತು.

2012 ಮತ್ತು ಆಮೇಲೆ

ತೆರಿಗೆ ಬಾಕಿ, ಸಾಲದಲ್ಲಿ ಮುಳುಗಿದ ರೇಂಜರ್ಸ್ ಕ್ಲಬ್ ನಡೆಸುತ್ತಿದ್ದ ಕಂಪನಿ 2012ರಲ್ಲಿ ದಿವಾಳಿಯಾಯಿತು. ಹೊಸ ಕಂಪನಿಯ ಹೆಸರಿನಲ್ಲಿ ತಂಡ ನಾಲ್ಕನೇ ದರ್ಜೆಯಿಂದ ಆಡುತ್ತ 2016ರಲ್ಲಿ ಮೇಲಿನ ದರ್ಜೆಗೆ ಮರಳಿತು. ಹಳೆಯ ಕ್ಲಬ್ ಸತ್ತುಹೋಯಿತು, ಓಲ್ಡ್ ಫರ್ಮ್ ಎನ್ನಬೇಡಿ ಎಂದು ಅನೇಕ ಸೆಲ್ಟಿಕ್ ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ. ದಾಖಲೆಗಳು ರೇಂಜರ್ಸ್‌ನ ಚರಿತ್ರೆಯನ್ನು ಮುರಿಯದೆ ಒಂದಾಗಿಯೇ ಎಣಿಸುತ್ತವೆ. ಎದುರಾಳಿಯಿಲ್ಲದ ಆ ವರ್ಷಗಳಲ್ಲಿ ಸೆಲ್ಟಿಕ್ ಸಲೀಸಾಗಿ ಗೆದ್ದಿತು, ಆದರೆ ಸೆಲ್ಟಿಕ್ ಪಾರ್ಕಿನ ಕುರ್ಚಿಗಳು ಖಾಲಿ ಬಿದ್ದವು. 2020–21ರಲ್ಲಿ ಸ್ಟೀವನ್ ಜೆರಾರ್ಡ್ ಮ್ಯಾನೇಜರ್ ಆಗಿದ್ದ ರೇಂಜರ್ಸ್ ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದು ಸತತ ಹತ್ತನೇ ಲೀಗ್ ಗೆಲ್ಲುವ ಸೆಲ್ಟಿಕ್‌ನ ಆಸೆಗೆ ಕಲ್ಲು ಹಾಕಿತು.

ಭಾರತದ ನಂಟು

ಸ್ಕಾಟಿಷ್ ಸೈನಿಕರು ಈ ಆಟವನ್ನು ಇಲ್ಲಿಗೆ ಹೊತ್ತುತಂದವರಲ್ಲಿ ಪ್ರಮುಖರು. 1888ರ ಮೊದಲ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಶಿಮ್ಲಾದಲ್ಲಿ ಎದುರಾದ ಎರಡೂ ಪಡೆಗಳು ಸ್ಕಾಟ್ಲೆಂಡಿನವೇ. ಕೋಲ್ಕತ್ತಾದ ಮೊಹಮ್ಮದ್ ಸಲೀಂ 1936ರಲ್ಲಿ ಸೆಲ್ಟಿಕ್‌ನ ಎರಡನೇ ತಂಡಕ್ಕೆ ಬೂಟಿಲ್ಲದೆ, ಪಾದಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಎರಡು ಪಂದ್ಯ ಆಡಿ ಊರಿನ ನೆನಪು ಕಾಡಿ ಮರಳಿದರು. ಭಾರತದಲ್ಲಿ ಓಲ್ಡ್ ಫರ್ಮ್‌ಗೆ ಸಮೀಪದ ಪೈಪೋಟಿ ಮೋಹನ್ ಬಗಾನ್–ಈಸ್ಟ್ ಬೆಂಗಾಲ್‌ನದು. ಅಲ್ಲಿಯೂ ನೆಲೆ ಬಿಟ್ಟು ಬಂದವರು ಒಂದು ಪಕ್ಷ. ಕರ್ನಾಟಕದಲ್ಲಿ ಬೆಂಗಳೂರಿನ ಎಚ್‌ಎಎಲ್, ಐಟಿಐ ಕಾರ್ಖಾನೆ ತಂಡಗಳು ಹೆಸರು ಮಾಡಿದರೂ ಅವುಗಳ ಹಿಂದೆ ಜಾತಿ–ಮತದ ಗ್ಯಾಲರಿ ಇರಲಿಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಜೊತೆ ರೇಂಜರ್ಸ್ 2019ರಲ್ಲಿ ಸಹಭಾಗಿತ್ವದ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಜನವರಿಯಲ್ಲಿ ಮಣಿಪುರದ ಬಾಲಾ ದೇವಿ ರೇಂಜರ್ಸ್ ಮಹಿಳಾ ತಂಡ ಸೇರಿದರು. 2020ರ ಡಿಸೆಂಬರ್‌ನಲ್ಲಿ ಮದರ್‌ವೆಲ್ ವಿರುದ್ಧ ಅವರು ಆ ತಂಡದ ಪರ ತಮ್ಮ ಮೊದಲ ಗೋಲು ಗಳಿಸಿದರು.